ಪ್ರೇಮಲೋಕದ ಟ್ಯೂನ್ ಪ್ರೇಮಲೋಕದಲ್ಲೇ ಇರಲಿ

ಡಿಸೆಂಬರ್ ಬಂತೆಂದರೆ ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಕ್ಯಾರಲ್ ಗುಂಪುಗಳಲ್ಲಿ ಒಂದು ಮಾತು ಕೇಳುತ್ತದೆ: "ಟ್ಯೂನ್ ರೆಡಿ ಇದೆ, ಪದ ಬದಲಾಯಿಸಿದರೆ ಸಾಕು." ಆ ರೆಡಿ ಟ್ಯೂನ್ ಯಾವುದೋ ಸಿನಿಮಾದ್ದು. ಹಿರಿಯರು ಆರಿಸಿದರೆ 'ಪ್ರೇಮಲೋಕ'ದ್ದು. ಇದು ಸಾಲದು ಎಂಬುದು ನಮ್ಮ ವಾದ.

ಸಿನಿಮಾ ಹಾಡು ಪಾಪ ಎನ್ನುವವರ ಸಾಲಿನಲ್ಲಿ ನಾವಿಲ್ಲ. 1987ರಲ್ಲಿ ರವಿಚಂದ್ರನ್ ಮಾಡಿದ ಆ ಕಾಲೇಜು ಪ್ರೇಮದ ಚಿತ್ರ ನಮಗೂ ಇಷ್ಟ. ಕಥೆಯ ಎಳೆ ಅಮೆರಿಕದ 'ಗ್ರೀಸ್ 2'ರಿಂದ ಬಂದದ್ದು. ಆದರೆ ಚಿತ್ರ ನಿಂತಿರುವುದು ಹಂಸಲೇಖರ ಸಂಗೀತದ ಮೇಲೆ. ಟ್ಯೂನೂ ಅವರದೇ, ಪದಗಳೂ ಅವರವೇ. ಅದಕ್ಕೇ ಹುಡುಗ ಹುಡುಗಿಯ ಜಗಳ, ಕೀಟಲೆ, ಪ್ರಶ್ನೆ ಉತ್ತರ ಎಲ್ಲವೂ ಮಾತಿನ ಓಟದಲ್ಲೇ ಹಾಡಾಗುತ್ತವೆ. ಬಾಲಸುಬ್ರಹ್ಮಣ್ಯಂ, ಯೇಸುದಾಸ್, ಜಾನಕಿ ಹಾಡಿದ್ದನ್ನು ನಮ್ಮ ಅಪ್ಪ ಅಮ್ಮ ಕ್ಯಾಸೆಟ್ ಸವೆಯುವವರೆಗೆ ಕೇಳಿದವರು. ಅದೇ ಚಿತ್ರ 'ಪರುವ ರಾಗಂ' ಆಗಿ ತಮಿಳಿನಲ್ಲೂ ಬಂತು. ಹಾಗಾಗಿ ತಮಿಳು ಪೂಜೆಗೆ ಹೋಗುವವರಿಗೂ ಆ ಟ್ಯೂನ್ ಗೊತ್ತು!

ಅಷ್ಟು ಬಿಗಿಯಾಗಿ ಹೆಣೆದ ಹಾಡಿನಿಂದ ಪದ ಕಿತ್ತು ಬೇರೆ ಪದ ತುರುಕಿದರೆ ಏನಾಗುತ್ತದೆ? ಹ್ರಸ್ವ ಇರುವಲ್ಲಿ 'ಯೇಸು' ಕೂರುವುದಿಲ್ಲ, 'ಯೆಸೂ' ಆಗುತ್ತದೆ. 'ಕರುಣೆ' ಎಳೆದೂ ಎಳೆದೂ 'ಕಾರುಣೇ' ಆಗುತ್ತದೆ. ಶಾಲೆಯಲ್ಲಿ ಕನ್ನಡ ಓದದೆ, ಪದಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಹಾಡುವ ತಮ್ಮ ತಂಗಿಯರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ಪ್ರಾರ್ಥನೆಯ ಕನ್ನಡ ಸಿಗುವುದೇ ಗಾನವೃಂದದಲ್ಲಿ. ಅಲ್ಲೂ ಮುರುಕು ಕನ್ನಡವನ್ನೇ ಕೊಡುವುದೇ?

ಬಲ್ಲವರು ಒಂದು ಪ್ರಶ್ನೆ ಎತ್ತುತ್ತಾರೆ. ಮುಳ್ಳಿನ ಕಿರೀಟ ತೊಟ್ಟ ಪ್ರಭುವಿನ ಶಿರಸ್ಸಿನ ಬಗ್ಗೆ ಶುಭ ಶುಕ್ರವಾರ ಹಾಡುವ ಪ್ರಸಿದ್ಧ ಗೀತೆಯ ರಾಗವೂ 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಪ್ರಕಟಿಸಿದ ಪ್ರೇಮಗೀತೆಯದಲ್ಲವೇ? ಹೌದು. ಆದರೆ ಅದರ ಲಯ ಬದಲಾಯಿತು, ಬಾಖ್ ಅದಕ್ಕೆ ಮತ್ತೆ ಮತ್ತೆ ಹೊಸ ಸ್ವರಮೇಳ ಕಟ್ಟಿದರು. ಇಂದು ಅದನ್ನು ಹಾಡುವ ಯಾರಿಗೂ ಹಾಸ್ಲರ್‌ನ ಹುಡುಗಿ ನೆನಪಾಗುವುದಿಲ್ಲ. ನಮ್ಮಲ್ಲೋ, ಕೀಬೋರ್ಡ್ ಶುರುವಾದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು. ಎಲ್ಲರ ಕಣ್ಣ ಮುಂದೆ ರವಿಚಂದ್ರನ್ ಬೈಕು. ಕಾಣಿಕೆ ಅರ್ಪಿಸುವ ಹೊತ್ತಿನಲ್ಲಿ!

ಪೂಜೆಯಲ್ಲಿ ಹಾಡುವ ಪದಗಳು ಮುಖ್ಯವಾಗಿ ಪವಿತ್ರ ಗ್ರಂಥದಿಂದ, ಪೂಜಾವಿಧಿಯಿಂದ ಬರಲಿ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಹಂಸಲೇಖರಿಂದ ಏನಾದರೂ ಎರವಲು ತರುವುದಾದರೆ ಟ್ಯೂನ್ ಬೇಡ, ಪದವನ್ನೂ ಸ್ವರವನ್ನೂ ಒಟ್ಟಿಗೆ ಕಟ್ಟುವ ಆ ಕೆಲಸವನ್ನು ತರೋಣ.

ಕ್ರಿಸ್ಮಸ್ ಹಗಲು ಪೂಜೆಗೆ 98ನೇ ಕೀರ್ತನೆ ಇದೆ. ಆಗಮನ ಕಾಲ ಶುರುವಾಗುವ ಮುಂಚೆಯೇ ಕನ್ನಡ ಚೆನ್ನಾಗಿ ಬಲ್ಲ ಒಬ್ಬರು, ಕೀಬೋರ್ಡ್ ನುಡಿಸುವ ಒಬ್ಬರು ಅದನ್ನಿಟ್ಟುಕೊಂಡು ಕೂರಲಿ. ನಾಲ್ಕೇ ಸಾಲು ಸಾಕು. ಎರಡನೇ ಸಲಕ್ಕೆ ಅಜ್ಜಿಯೂ ದನಿಗೂಡಿಸುವಷ್ಟು ಸುಲಭವಾಗಿರಲಿ.