ತೊಳೆಯಬೇಕಾದದ್ದು ನಾಣ್ಯವನ್ನಲ್ಲ

ಕಳೆದ ದೀಪಾವಳಿಯ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯರಗಟ್ಟಿಯ ನಮ್ಮ ಮನೆಗೆ ಬಂದು, ಅಜ್ಜಿಯ ಪೆಟ್ಟಿಗೆಯಲ್ಲಿ ದೊರೆತ ಕುಂಪಣಿ ಸರಕಾರದ ಕಾಲಾಣೆಯೊಂದನ್ನು ನನ್ನ ಅಂಗೈಯಲ್ಲಿಟ್ಟನು. ಅದರ ಮೇಲಿನ ಇಸವಿ 1835. ಬೈಲಹೊಂಗಲದ ಸೆರೆಯಲ್ಲಿ ಕಿತ್ತೂರು ಚೆನ್ನಮ್ಮ ತೀರಿಕೊಂಡ ಆರು ವರ್ಷಗಳ ತರುವಾಯದ್ದು. ನಾಣ್ಯವು ಆಗತಾನೇ ಬೆಳಗಿದ ತಂಬಿಗೆಯಂತೆ ಥಳಥಳಿಸುತ್ತಿತ್ತು.

“ಫೋಟೋದಾಗ ಅಕ್ಷರ ಮೂಡಲಿಲ್ರಿ ಸರ, ಅದಕ್ಕ ಹುಣಸೀಹಣ್ಣು ಹಚ್ಚಿ ತಿಕ್ಕೀನ್ರಿ” ಎಂದನು.

ನನ್ನ ಮನಸ್ಸು ಮುದುಡಿತು. ಪೂಜೆಯ ತಂಬಿಗೆಗೆ ಸಲ್ಲುವ ಹುಣಸೆಹಣ್ಣು ಹಳೆಯ ನಾಣ್ಯಕ್ಕೆ ಸಲ್ಲದು. ಕಾಲವು ತಾಮ್ರದ ಮೇಲೆ ಕಟ್ಟಿದ ಕಂದು ಪದರವನ್ನು ಹುಳಿಯು ಕರಗಿಸಿಬಿಡುತ್ತದೆ. ತಿಕ್ಕಿದ ಗೀರುಗಳು ಎಂದಿಗೂ ಮಾಯವಾಗವು. ಬಲ್ಲ ಸಂಗ್ರಾಹಕರು ಅಂಥ ನಾಣ್ಯಕ್ಕೆ ಬೆಲೆಯನ್ನೂ ಕಡಿಮೆ ಕಟ್ಟುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ದೋಷವಿದ್ದುದು ನಾಣ್ಯದಲ್ಲಲ್ಲ, ಬೆಳಕಿನಲ್ಲಿ. ಮೊಬೈಲಿನ ಫ್ಲ್ಯಾಶ್ ಕಣ್ಣಿಗೆ ಅಂಟಿಕೊಂಡೇ ಇರುವುದರಿಂದ ಬೆಳಕು ನೇರವಾಗಿ ಬಿದ್ದು ನೇರವಾಗಿ ಮರಳುತ್ತದೆ, ನೆರಳು ಉಳಿಯುವುದಿಲ್ಲ. ಸವೆದ ಅಕ್ಷರವನ್ನು ನಾವು ಓದುವುದೇ ಅದರ ನೆರಳಿನಿಂದ. ಆದ್ದರಿಂದ ಫ್ಲ್ಯಾಶ್ ಆರಿಸಿ, ಕಿಟಕಿಯ ಬಳಿ ನಾಣ್ಯವನ್ನು ಸಮನಾಗಿ ಇರಿಸಿ, ಬೆಳಕು ಓರೆಯಾಗಿ ಹಾಯುವಂತೆ ನೋಡಿಕೊಳ್ಳಬೇಕು. ಬೆಳಕು ಚಿತ್ರದ ಮೇಲ್ಭಾಗದಿಂದಲೇ ಬರಲಿ. ಕೆಳಗಿನಿಂದ ಬಂದರೆ ಉಬ್ಬಿದ ಮುಖ ತಗ್ಗಿದಂತೆ ತೋರುತ್ತದೆ, ಏಕೆಂದರೆ ಸೂರ್ಯನು ಮೇಲಿರುವುದೇ ನಮ್ಮ ಕಣ್ಣಿಗೆ ರೂಢಿ. ಹೊಳೆಯುವ ಬೆಳ್ಳಿಗಾದರೆ ಬೆಳಕಿಗೆ ಅಡ್ಡವಾಗಿ ತೆಳುವಾದ ಬಿಳಿ ಹಾಳೆಯನ್ನು ಹಿಡಿಯಬೇಕು. ಮೊಬೈಲನ್ನು ನಾಲ್ಕು ಪುಸ್ತಕಗಳ ಆಸರೆಯಲ್ಲಿ ನೆಟ್ಟಗಿರಿಸಿದರೆ ಕೈನಡುಕದ ಕಾಟವೂ ಇಲ್ಲ. ಪಕ್ಕದಲ್ಲೊಂದು ಅಳತೆಪಟ್ಟಿ ಇದ್ದರೆ ಗಾತ್ರವೂ ತಿಳಿಯುತ್ತದೆ.

ಇದು ಕೇವಲ ಅಂದದ ಮಾತಲ್ಲ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ಅರಸನ ಉಡುಪಿನ ಮೇಲಿದ್ದ ಪುಟ್ಟ ಆನೆಯು ಹಂದಿಯಂತೆ ಕಂಡು ಜನರು ಆಕ್ಷೇಪಿಸಿದರು. 1912ರ ರೂಪಾಯಿಗೆ ಅದನ್ನು ತಿದ್ದಲಾಯಿತು. ಕಾಳಿನಷ್ಟು ಚಿಕ್ಕದಾದ ಆ ಸೊಂಡಿಲನ್ನು ಫೋಟೋದಲ್ಲಿ ಗುರುತಿಸಬೇಕಾದರೆ ಬೆಳಕು ಸರಿಯಿರಲೇಬೇಕು.

ಆ ಹುಡುಗನೂ ನಾನೂ ಮೂಡಲ ಕಿಟಕಿಯ ಬಳಿ ಕುಳಿತು ಮತ್ತೊಮ್ಮೆ ಚಿತ್ರ ತೆಗೆದೆವು. ಕುಂಪಣಿಯ ಲಾಂಛನ, ಅದರ ಸಿಂಹಗಳು, ಇಸವಿಯ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಮೊದಲs ಹಿಂಗ ತಗದಿದ್ರ ತಿಕ್ಕೂದ ಬೇಕಾಗ್ತಿದ್ದಿಲ್ರಿ” ಎಂದನು. ಹೌದು. ಚಿತ್ರ ಕೆಟ್ಟರೆ ಇನ್ನೊಂದನ್ನು ತೆಗೆಯಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೊಂದು ಕಾಲಾಣೆ ಇರಲಿಲ್ಲ.