ಕಂಚಿಯನ್ನು ಗೆದ್ದವನ ಗುಣದೋಷಗಳು

ಯುದ್ಧವೀರರನ್ನು ಕುರಿತು ಮಾತೆತ್ತಿದೊಡನೆ ನಾವು ಪೂಜೆಗೋ ನಿಂದೆಗೋ ತೊಡಗುತ್ತೇವೆ; ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಕೆಲವರಿಗೆ ಕೇವಲ ಶೂರ, ಕೆಲವರಿಗೆ ಕೇವಲ ಕ್ರೂರಿ. ಗುಣದೋಷಗಳೆರಡನ್ನೂ ಒಟ್ಟಿಗೆ ನೋಡುವ ವಿವೇಕವನ್ನು ಕಲಿಯಬೇಕಾದರೆ, ಅದೇ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ, ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು 757ರಲ್ಲಿ ಹೊರಡಿಸಿದ ತಾಮ್ರಶಾಸನವನ್ನು ಓದಬೇಕು.

ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವ ನಂದಿವರ್ಮನನ್ನು ಸೋಲಿಸಿ, ಕಟುಮುಖ, ಸಮುದ್ರಘೋಷಗಳೆಂಬ ವಾದ್ಯಗಳನ್ನೂ ಖಟ್ವಾಂಗಧ್ವಜವನ್ನೂ ಮದ್ದಾನೆಗಳನ್ನೂ ಮಾಣಿಕ್ಯರಾಶಿಯನ್ನೂ ವಶಪಡಿಸಿಕೊಂಡು, ಕಂಚಿಯನ್ನು ಹಾಳುಗೆಡವದೆ ಪ್ರವೇಶಿಸಿ, ದೀನಾನಾಥರಿಗೆ ದಾನವಿತ್ತು, ರಾಜಸಿಂಹೇಶ್ವರ ಮೊದಲಾದ ಶಿಲಾದೇಗುಲಗಳ ಹೊನ್ನನ್ನು ದೇವರಿಗೇ ಮರಳಿಸಿದನೆಂದು ಅದು ಹೇಳುತ್ತದೆ. ಮಗನ ಹೊಗಳಿಕೆಯೆಂದು ಇದನ್ನು ತಳ್ಳಿಹಾಕಬಹುದಾಗಿತ್ತು. ಆದರೆ ಅದೇ ರಾಜಸಿಂಹೇಶ್ವರದ, ಎಂದರೆ ಇಂದಿನ ಕೈಲಾಸನಾಥ ದೇಗುಲದ ಕಂಬದ ಮೇಲೆ, ಸೋತವರ ಕಣ್ಣೆದುರಿಗೇ, ಈ ಸಂಗತಿಯನ್ನು ಕನ್ನಡದಲ್ಲಿ ಕೊರೆಯಿಸಲಾಗಿದೆ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದು, ಹರ್ಷನನ್ನೇ ತಡೆದ ಇಮ್ಮಡಿ ಪುಲಕೇಶಿಯ ಆಳ್ವಿಕೆಯನ್ನು ಕೊನೆಗಾಣಿಸಿ, ಬಾದಾಮಿಯ ಬಂಡೆಯ ಮೇಲೆ ತನ್ನ ಜಯವನ್ನು ಬರೆಯಿಸಿದ್ದನೆಂಬುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿದೀತು. ಪರ್ಸೆಪೊಲಿಸ್‌ನ ಅರಮನೆಗಳನ್ನು ಸುಟ್ಟ ಅಲೆಕ್ಸಾಂಡರನಲ್ಲಿ ಈ ಗುಣವನ್ನು ಹುಡುಕಿ ಪ್ರಯೋಜನವಿಲ್ಲ.

ಆದರೂ ದೋಷವಿದೆ, ಅದೂ ಸಣ್ಣದಲ್ಲ. ಅದೇ ಶಾಸನವು ಪಲ್ಲವನನ್ನು ಪೂರ್ವರಾಜರ ಕಾಂತಿಯನ್ನು ಕೆಡಿಸಿದ ಸಹಜಶತ್ರುವೆಂದು ಕರೆದು, ಅವನನ್ನು ಬುಡಸಮೇತ ಕೀಳುವುದೇ ವಿಕ್ರಮಾದಿತ್ಯನ ಸಂಕಲ್ಪವಾಗಿತ್ತೆನ್ನುತ್ತದೆ. ನಾಲ್ಕು ತಲೆಮಾರುಗಳ ಹಿಂದಿನ ಅವಮಾನವನ್ನು ರಾಜನೀತಿಯೆಂದು ಭಾವಿಸಿ, ಆತನು ಮೂರು ಬಾರಿ ಕಂಚಿಯನ್ನು ಗೆದ್ದನು. (ಆ ಜಯದ ನೆನಪಿಗೆ ರಾಣಿ ಲೋಕಮಹಾದೇವಿಯು ಕಟ್ಟಿಸಿದ, ಈಗ ವಿರೂಪಾಕ್ಷವೆನಿಸಿರುವ ಪಟ್ಟದಕಲ್ಲಿನ ದೇಗುಲಕ್ಕಾಗಿ ಕಲಾರಸಿಕರು ಈ ಹಗೆಯನ್ನು ಕ್ಷಮಿಸಿಯಾರು, ರಾಜ್ಯದ ಲೆಕ್ಕ ಬೇರೆ.) ದಕ್ಷಿಣದ ಹಳೆಯ ಹಗೆಯ ಮೇಲೆ ನೆಟ್ಟ ದೃಷ್ಟಿಗೆ ತನ್ನದೇ ಸಾಮಂತಮಂಡಲದಲ್ಲಿ ಬಲಿಯುತ್ತಿದ್ದ ರಾಷ್ಟ್ರಕೂಟ ದಂತಿದುರ್ಗನು ಬೀಳಲಿಲ್ಲ. ಕಂಚಿ, ಕೇರಳ, ಚೋಳ, ಪಾಂಡ್ಯರನ್ನು ಮುರಿಯುವುದರಲ್ಲಿ ಪಳಗಿದ ಕರ್ಣಾಟಕ ಸೈನ್ಯವನ್ನು ಕೆಲವೇ ಭೃತ್ಯರೊಡನೆ ಜಯಿಸಿದೆನೆಂದು ಅವನ ಶಾಸನವು ಬೀಗುತ್ತದೆ.

ರಾಜ್ಯದ ಬಹುಭಾಗ ಹೀಗೆ ಕೈಜಾರಿದ ಮೇಲೆ, ಭೀಮಾನದಿಯ ಉತ್ತರದ ದಡದಲ್ಲಿ ಬೀಡುಬಿಟ್ಟಿದ್ದ ಕೀರ್ತಿವರ್ಮನು ವಕ್ಕಲೇರಿಯ ಈ ದಾನಶಾಸನವನ್ನು ಬರೆಯಿಸಿದನು. ಅದರಲ್ಲಿ ಪಲ್ಲವನಿದ್ದಾನೆ, ಪಾಂಡ್ಯಚೋಳರಿದ್ದಾರೆ, ದಂತಿದುರ್ಗನ ಹೆಸರಿಲ್ಲ.