ತಜ್ಞರೇ, ಕಂದವಾರ ಕೆರೆ ಏರಿಗೂ ಬನ್ನಿ

ಹೆಬ್ಬಾಳದ ಮೇಲ್ಸೇತುವೆ ಇಳಿದು ಕೆಂಪಾಪುರಕ್ಕೆ ತಿರುಗಿದರೆ ಬಾಡಿಗೆ ಮನೆ, ಪಿ.ಜಿ., ದರ್ಶಿನಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಂದು ಕಡೆ ಮಾನ್ಯತಾ ಟೆಕ್ ಪಾರ್ಕ್, ಇನ್ನೊಂದು ಕಡೆ ವಿಮಾನ ನಿಲ್ದಾಣದ ರಸ್ತೆ. ಅಮೆರಿಕದಲ್ಲಿ ವೀಸಾ ನಿಯಮ ಬಿಗಿಯಾದರೆ ಇಲ್ಲಿನ ಕಾಫಿ ಕಟ್ಟೆಯಲ್ಲಿ ಅದೇ ಮಾತು. ಜಾಗತಿಕ ರಾಜಕಾರಣ, ಅರ್ಥನೀತಿ, ಸಾರ್ವಜನಿಕ ನೀತಿ ಎಂದು ಅಂಕಣ ಬರೆಯುವವರಿಗಾಗಲಿ, ಅವರನ್ನು ಓದುವವರಿಗಾಗಲಿ ಉತ್ತರ ಬೆಂಗಳೂರಿನಲ್ಲಿ ಬರವಿಲ್ಲ. ಈ ಮಾತು ಅವರಿಗೇ. ನಿಮ್ಮ ವಿದ್ಯೆಯ ಬಗ್ಗೆ ನನಗೆ ತಕರಾರಿಲ್ಲ. ಆ ವಿದ್ಯೆ ಯಾರ ಮುಂದೆ ನಿಂತು ಉತ್ತರ ಕೊಡುತ್ತಿದೆ ಎಂಬುದೇ ನನ್ನ ಪ್ರಶ್ನೆ.

ಬೆಳಿಗ್ಗೆ ನೀವು ಮುಖ ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ನೋಡಿದ್ದೀರಾ? ತೊರೆಕಾಡನಹಳ್ಳಿಯಿಂದ ಹತ್ತಿರಹತ್ತಿರ ನೂರು ಕಿಲೋಮೀಟರ್ ಪಂಪು ಮಾಡಿ ತಂದ ಕಾವೇರಿ ಅದು. ಅಕ್ಕಿ ತೊಳೆದ ನೀರು, ವಾಷಿಂಗ್ ಮಷೀನಿನ ಸೋಪು, ಶೌಚಾಲಯದ್ದು ಎಲ್ಲವೂ ಒಳಚರಂಡಿ ಹಿಡಿದು ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಣ ಘಟಕಗಳಿಗೆ ಇಳಿಯುತ್ತದೆ. ಎರಡು ಹಂತದ ಶುದ್ಧೀಕರಣ ಮುಗಿದ ಮೇಲೆ ಅದನ್ನೇ ಮತ್ತೆ ಪಂಪು ಮಾಡಿ ಚಿಕ್ಕಬಳ್ಳಾಪುರದ ಕಡೆಗೆ ಕಳಿಸುತ್ತಾರೆ. ಆ ಸೀಮೆಯ ಜನ ಇದಕ್ಕೆ ಎಚ್.ಎನ್. ವ್ಯಾಲಿ ನೀರು ಎನ್ನುತ್ತಾರೆ. ಯೋಜನೆಯ ಲೆಕ್ಕ ದಿನಕ್ಕೆ 21 ಕೋಟಿ ಲೀಟರ್, ತುಂಬಬೇಕಾದ ಕೆರೆಗಳು 65. ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ಕಂದವಾರ ಕೆರೆಗೂ ಬರುವುದು ಇದೇ ನೀರು. ರೈತ ಅದನ್ನು ಕೆರೆಯಿಂದ ನೇರವಾಗಿ ಮೋಟಾರು ಹಚ್ಚಿ ಎತ್ತುವಂತಿಲ್ಲ. ಅದು ನೆಲಕ್ಕೆ ಇಂಗಿ ಕೊಳವೆಬಾವಿಯಲ್ಲಿ ಮೇಲೆ ಬರಬೇಕು. ಆ ಸೀಮೆಯಲ್ಲಿ ಹಿಪ್ಪುನೇರಳೆಗೂ ದ್ರಾಕ್ಷಿಗೂ ಕೊಳವೆಬಾವಿಯೇ ಗತಿ, ಎಷ್ಟೋ ಮನೆಗಳ ಕುಡಿಯುವ ಬಿಂದಿಗೆಗೂ ಅದೇ.

ಇದಕ್ಕಿಂತ ಮೊದಲು ಕೋಲಾರಕ್ಕೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಇಂಥದ್ದೇ ನೀರು, ಅಂದರೆ ಕೆ.ಸಿ. ವ್ಯಾಲಿ ನೀರು, ಬಂತು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿದ್ದಾಗ ಜನ ಪೂಜೆ ಮಾಡಿದರು, ಮಾಡದೆ ಏನು? ಕೊಳವೆಬಾವಿ ಸಾವಿರ ಅಡಿ ದಾಟಿದರೂ ಬರೀ ದೂಳು ಬರುತ್ತಿದ್ದ ಊರುಗಳವು. ಮರುತಿಂಗಳು ಅದೇ ನೀರಿನ ಮೇಲೆ ಬಿಳಿ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2018ರ ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆ ಕೊಟ್ಟಿತು, ಆಮೇಲೆ ತೆರವಾಯಿತು. ಒಂದು ಪಕ್ಷದ ತಜ್ಞರು ಎರಡು ಹಂತ ಸಾಕು, ಮಣ್ಣೇ ಮಿಕ್ಕದ್ದನ್ನು ಸೋಸುತ್ತದೆ ಎಂದರು. ಇನ್ನೊಂದು ಪಕ್ಷದವರು ಮೂರನೇ ಹಂತದ ಶುದ್ಧೀಕರಣ ಆಗದೆ ಬಿಡಬೇಡಿ, ಅಂತರ್ಜಲ ಒಮ್ಮೆ ಕೆಟ್ಟರೆ ತೊಳೆಯಲಾಗದು ಎಂದರು. ಬತ್ತಿದ ಬಾವಿಗಳಲ್ಲಿ ನೀರು ಮೇಲೆ ಬಂದದ್ದೂ ನಿಜ, ಭಯ ಹೋಗದೆ ಉಳಿದದ್ದೂ ನಿಜ.

ಅಭಿಪ್ರಾಯ ಬೇರೆಯಾದದ್ದು ತಪ್ಪಲ್ಲ. ವಿಜ್ಞಾನ ಇರುವುದೇ ಜಗಳಕ್ಕೆ. ನನ್ನ ಎದೆ ಉರಿಯುವುದು ಬೇರೆ ಕಾರಣಕ್ಕೆ. ಆ ಜಗಳ ನಡೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ: ಪ್ರಬಂಧದಲ್ಲಿ, ಪ್ರಮಾಣಪತ್ರದಲ್ಲಿ, ವಕೀಲರ ವಾದದಲ್ಲಿ. ಆ ನೀರು ಕುಡಿಯುವ ಹೆಂಗಸಿಗೆ ಸಿಕ್ಕಿದ್ದು ಎರಡೇ ಮಾತು. ಮಂತ್ರಿ ವೇದಿಕೆಯಿಂದ 'ಏನೂ ಆಗಲ್ಲ' ಅಂದರು, ಪಕ್ಕದ ಮನೆಯವರು 'ವಿಷ ಕಣಮ್ಮ' ಅಂದರು. ನಡುವೆ ಇರಬೇಕಾದ ಮಾತು, ಅಂದರೆ ಯಾವ ಲೋಹ ಎಷ್ಟಿದೆ, ಎಷ್ಟಿದ್ದರೆ ಅಪಾಯ, ಯಾರು ಯಾವಾಗ ಪರೀಕ್ಷೆ ಮಾಡಿದರು, ಮುಂದಿನ ಪರೀಕ್ಷೆ ಎಂದು ಎಂಬ ಮಾತು, ಆಕೆಯ ಅಂಗಳಕ್ಕೆ ಬರಲೇ ಇಲ್ಲ. ಅದನ್ನು ಹೇಳಬಲ್ಲವರು ನೀವೇ. ಆ ಹೊತ್ತಿನಲ್ಲಿ ನಿಮ್ಮ ಪೆನ್ನು ಪುಟಿನ್ನರ ಮುಂದಿನ ನಡೆ ಏನೆಂದು ಬರೆಯುತ್ತಿತ್ತು.

ಜಗತ್ತನ್ನು ಬಿಡಿ ಎನ್ನುತ್ತಿಲ್ಲ. ಜಗತ್ತನ್ನು ಪೂರ್ತಿ ತನ್ನಿ ಎನ್ನುತ್ತಿದ್ದೇನೆ. ಕೊಳಚೆ ನೀರಿನ ಮರುಬಳಕೆ ಅಂದ ಕೂಡಲೇ ಸಿಂಗಪುರವನ್ನು ನೋಡಿ, ಇಸ್ರೇಲನ್ನು ನೋಡಿ ಎಂದು ಬರೆಯುತ್ತೀರಿ. ನೋಡೋಣ. ಸಿಂಗಪುರ 2003ರಿಂದ ಕೊಡುತ್ತಿರುವ ನ್ಯೂವಾಟರ್ ಎರಡು ಹಂತಕ್ಕೆ ನಿಂತ ನೀರಲ್ಲ. ಸೂಕ್ಷ್ಮ ಸೋಸುವಿಕೆ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಕಿರಣ ಎಲ್ಲ ದಾಟಿ ಬಂದದ್ದು. ಟೆಲ್ ಅವೀವ್ ಬಳಿಯ ಶಾಫ್ದಾನ್ ಘಟಕದಲ್ಲಿ ಎರಡನೇ ಹಂತದ ನೀರನ್ನು ಮರಳಿನಲ್ಲಿ ಇಂಗಿಸುತ್ತಾರೆ ನಿಜ, ಆದರೆ ಅದನ್ನು ಮತ್ತೆ ಮೇಲೆತ್ತಿ ಬೇರೆ ಕೊಳವೆಯಲ್ಲಿ ನೆಗೆವ್‌ನ ಹೊಲಗಳಿಗೆ ಒಯ್ಯುತ್ತಾರೆ, ಊರಿನ ಕುಡಿಯುವ ಬಾವಿಗೆ ಬೆರೆಸುವುದಿಲ್ಲ. ಸಿಂಗಪುರದ ಹೆಸರು ಹೇಳಿ ಮೂರನೇ ಹಂತ ನುಂಗಿಬಿಟ್ಟರೆ, ಟೆಲ್ ಅವೀವ್ ಹೆಸರು ಹೇಳಿ ಆ ಬೇರೆ ಕೊಳವೆ ಮುಚ್ಚಿಟ್ಟರೆ, ಅದು ತಜ್ಞತೆ ಅಲ್ಲ, ವಕಾಲತ್ತು.

ಚಿಕ್ಕಬಳ್ಳಾಪುರ ಅಂದೆನಲ್ಲ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವುದು ಅದೇ ತಾಲ್ಲೂಕಿನಲ್ಲಿ. ಅವರು 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಬರೆದ ಪುಸ್ತಕ ಇಂಗ್ಲಿಷಿನದ್ದೇ. ಆದರೆ ಅದಕ್ಕೂ ಮೊದಲು, 1911ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಸಂಪದಭ್ಯುದಯ ಸಮಾಜ, ಅಂದರೆ ಆರ್ಥಿಕ ಸಮ್ಮೇಳನ, ಶುರುವಾಗಲು ಅವರೇ ಮುಖ್ಯ ಕಾರಣರಾಗಿದ್ದರು. ಕೃಷಿ, ಕೈಗಾರಿಕೆ, ಶಿಕ್ಷಣ ಎಂದು ಹಂಚಿಕೊಂಡು ಕೂತ ಆ ಸಮಾಜದ ಚರ್ಚೆಯಿಂದಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ನಮ್ಮ ಸಾಹಿತ್ಯ ಸಂಸ್ಥೆಯ ತೊಟ್ಟಿಲು ಕಟ್ಟಿದ್ದು ಒಂದು ಆರ್ಥಿಕ ಸಮ್ಮೇಳನ! ಜನರ ನುಡಿ ಬೆಳೆಯದೆ ಜನರ ಸಂಪತ್ತು ಬೆಳೆಯದು ಎಂದು ಆ ಲೆಕ್ಕಿಗರಿಗೆ, ಎಂಜಿನಿಯರುಗಳಿಗೆ ಅನ್ನಿಸಿತ್ತು. (ಈಗಿನ ಪರಿಷತ್ತಿನ ಸಮ್ಮೇಳನಗಳಲ್ಲಿ ಅರ್ಥಶಾಸ್ತ್ರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ನಾನು ಕೇಳುವುದಿಲ್ಲ.)

ಕೋಲಾರ ಸೀಮೆಯವರೇ ಆದ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರನ್ನೂ ನೆನೆಯಿರಿ. ಮಂಕುತಿಮ್ಮನ ಡಿ.ವಿ.ಜಿ.ಯನ್ನು ಎಲ್ಲರೂ ಬಲ್ಲರು. ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದು, ಸಂಸ್ಥಾನದ ಪ್ರಜೆ ಎಂದರೆ ಯಾರು, ಅವನ ಹಕ್ಕೇನು ಎಂದು ಪತ್ರಿಕೆಯಲ್ಲಿ ವಾದಿಸಿದ ಡಿ.ವಿ.ಜಿ. ಮರೆತುಹೋಗಿದ್ದಾರೆ. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬೆಂಗಳೂರಿನ ನರಸಿಂಹರಾಜ ಕಾಲೊನಿಯಲ್ಲಿದೆ. 1970ರಲ್ಲಿ ನಾಡು ಅವರಿಗೆ ಒಪ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಆ ಸಂಸ್ಥೆಗೇ ಕೊಟ್ಟರು. ನೀತಿಯ ಬಗ್ಗೆ ಬರೆಯುವವನು ಯಾರ ದುಡ್ಡು ಮುಟ್ಟುತ್ತಾನೆ ಎಂಬುದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. ನಿಮ್ಮ ಅಂಕಣದ ಕೆಳಗೆ ನಿಮ್ಮ ಸಂಸ್ಥೆಗೆ ಹಣ ಕೊಡುವವರ ಹೆಸರು ಬರೆಯಲು ಒಂದೇ ಸಾಲು ಸಾಕು.

ಕನ್ನಡದಲ್ಲಿ ಇದೆಲ್ಲ ಆಗದು, ಜನಕ್ಕೆ ಅರ್ಥವಾಗದು ಎನ್ನುವವರಿಗೆ ಪ್ರಾದೇಶಿಕ ಅಸಮತೋಲನದ ಬಗ್ಗೆ ಕೂತ ಡಿ.ಎಂ. ನಂಜುಂಡಪ್ಪನವರ ಸಮಿತಿ ಉತ್ತರ ಕೊಟ್ಟಾಗಿದೆ. 2002ರ ಆ ವರದಿ 35 ಸೂಚಕ ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರು ಹೆಸರಾಗಿ ಪಟ್ಟಿ ಕೊಟ್ಟಿತು. ಲೆಕ್ಕ ಕಠಿಣ, ಫಲಿತ ಮಾತ್ರ ಯಾರಿಗೂ ಅರ್ಥವಾಗುವಂಥದ್ದು: ನಿಮ್ಮ ತಾಲ್ಲೂಕು ಪಟ್ಟಿಯಲ್ಲಿದೆಯೇ ಇಲ್ಲವೇ. ಆದ್ದರಿಂದಲೇ ಕಲಬುರಗಿ, ರಾಯಚೂರು ಕಡೆ 'ನಂಜುಂಡಪ್ಪ ವರದಿ' ಎಂಬುದು ಸತ್ಯಾಗ್ರಹದ ಚಪ್ಪರದ ಮಾತಾಯಿತು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ಟಿ.ಆರ್. ಚಂದ್ರಶೇಖರ್ ಮಾನವ ಅಭಿವೃದ್ಧಿಯ ಅರ್ಥಶಾಸ್ತ್ರವನ್ನು ಕನ್ನಡದಲ್ಲೇ ಬರೆದರು. ನಾಗೇಶ ಹೆಗಡೆಯವರ ಅಂಕಣ ಓದಿ ಹವಾಮಾನ ಬದಲಾವಣೆಯ ಬಗ್ಗೆ ವಾದ ಮಾಡುವ ಮೇಷ್ಟ್ರುಗಳು ಹಳ್ಳಿಗಳಲ್ಲಿದ್ದಾರೆ. ಓದುವವರಿಲ್ಲ ಎಂಬುದು ಬರೆಯದವರ ನೆವ.

ಕನ್ನಡದಲ್ಲಿ ಬರೆಯದ ಈ ಸೋಮಾರಿತನಕ್ಕೆ ಬೆಲೆ ತೆರುವವರು ಕೆಂಪಾಪುರದವರೂ ಹೌದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ, 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದರ ವಿವರವಾದ ಯೋಜನಾ ವರದಿಯಲ್ಲಿ ಬೆಂಗಳೂರಿನ ಸಂಚಾರ ಹೇಳುವ ಕಡೆ ಮಾಲೇಗಾಂವ್, ನಾಸಿಕ್ ಹೆಸರು ನುಸುಳಿದ್ದವು. ಹೆಬ್ಬಾಳದ ಆಟೊ ಸ್ಟ್ಯಾಂಡಿನಲ್ಲಿ ಆ ಪುಟವನ್ನು ಕನ್ನಡದಲ್ಲಿ ಯಾರಾದರೂ ಓದಿ ಹೇಳಿದ್ದರೆ ಅದು ಒಂದು ಬೆಳಗ್ಗೆಯೂ ಬಾಳುತ್ತಿರಲಿಲ್ಲ. ನಗರದಲ್ಲಿ ಕೇಳುವವರಾದರೂ ಎಲ್ಲಿದ್ದರು? ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆಯುವಾಗಲೂ ಜನ ಆರಿಸಿದ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಜನಪ್ರತಿನಿಧಿ ಇಲ್ಲದ ಕಡೆ ಸಲಹೆಗಾರನ ಮಾತೇ ಕಾನೂನಾಗುತ್ತದೆ. ಆಗ ಸಲಹೆಗಾರ ಸುಮ್ಮನೆ ಸಂಬಳಕ್ಕೆ ಬರೆಯುವವನಾಗಿ ಉಳಿಯಲಾರ. ಅವನ ಕೈಯಲ್ಲಿ ಊರಿನ ಗಂಟಲಿದೆ.

ಪಶ್ಚಿಮ ಘಟ್ಟದ ನೀರನ್ನು ಕೋಲಾರ ಸೀಮೆಯತ್ತ ತಿರುಗಿಸುವ ಎತ್ತಿನಹೊಳೆಯ ವಿಷಯದಲ್ಲೂ ಇದೇ ಕಥೆ. ಯೋಜನೆ ಹೇಳುವುದು 24 ಟಿ.ಎಂ.ಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಂದಾಜು ಹತ್ತಕ್ಕೂ ಕಡಿಮೆ. ಅಂದಾಜು ವೆಚ್ಚ 23 ಸಾವಿರ ಕೋಟಿ ರೂಪಾಯಿ ದಾಟಿದೆ. ಎರಡು ಅಂಕಿಗಳ ನಡುವಿನ ಆ ಕಂದಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಒಂದು ಇಡೀ ತಲೆಮಾರು ಕಾಯುತ್ತ ಕೂತಿದೆ.

ಆದ್ದರಿಂದ ಕೇಳುತ್ತೇನೆ, ಮುಜುಗರವಿಲ್ಲದೆ ಕೇಳುತ್ತೇನೆ. ಟ್ರಂಪ್ ಸುಂಕದ ಬಗ್ಗೆ ಬರೆಯಿರಿ, ಚೀನಾದ ಬಗ್ಗೆಯೂ ಬರೆಯಿರಿ. ತಿಂಗಳಿಗೊಂದು ಬರಹ ಮಾತ್ರ ಕನ್ನಡದಲ್ಲಿ, ನಿಮ್ಮ ಸಲಹೆಯ ಭಾರ ಹೊರುವವರಿಗಾಗಿ ಇರಲಿ. ಬರೆದ ಮೇಲೆ ಆ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಒಂದು ಸಂಜೆ ಕೂತು ಪ್ರಶ್ನೆ ಕೇಳಿಸಿಕೊಳ್ಳಿ. ನಿಮ್ಮ ಅಂಕಿ ಸುಳ್ಳಾದ ದಿನ, ಅದನ್ನು ಮೊದಲು ಬರೆದ ಜಾಗದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದಿ. ಸಂಪಾದಕರೇ, ಆ ಬರಹಕ್ಕೆ ಜಾಗ ಕೊಡಿ, ಸಂಭಾವನೆಯನ್ನೂ ಕೊಡಿ. ಮೊದಲ ಬರಹಕ್ಕೆ ವಿಷಯ ಹುಡುಕಬೇಕಿಲ್ಲ: ಕಂದವಾರ ಕೆರೆಯ ನೀರಿನಲ್ಲಿ ಇವತ್ತು ಏನೇನು ಇದೆ, ಎಷ್ಟಿದೆ, ಅದರಿಂದ ಬೆಳೆದ ಸೊಪ್ಪನ್ನು ಮಕ್ಕಳಿಗೆ ಕೊಡಬಹುದೇ? ಅದನ್ನು ಬರೆಯಿರಿ, ನಾವು ಓದುತ್ತೇವೆ.